ಭಾಗ 7: ಕಲಿಸೋ ಖರ್ಚು ಯಾರದು?

ಭಾನುವಾರ ರಾತ್ರಿ ದಾವಣಗೆರೆಯಲ್ಲಿ ಬೆಂಗಳೂರು ಬಸ್ ಹತ್ತೋ ಹುಡುಗ-ಹುಡುಗಿಯರನ್ನ ನೋಡಿದೀರಾ? ಎಲ್ಲರೂ ಕೆಲಸಕ್ಕೆ ಹೊರಟವರಲ್ಲ. ಬಿ.ಇ. ಮುಗಿಸಿ ಮತ್ತೆ ಕೋರ್ಸ್‌ಗೆ ಹೊರಟವರೂ ಇದಾರೆ. ಜಾವಾ, ಟೆಸ್ಟಿಂಗ್, ಡೇಟಾ ಸೈನ್ಸ್. ಫೀಸು, ಪಿಜಿ ಬಾಡಿಗೆ, ಊಟ ಎಲ್ಲಾ ಅಪ್ಪನ ಜೇಬಿಂದ.

ನಾನೂ ಹೋಗಿದ್ದೆ. ‘100% ಪ್ಲೇಸ್‌ಮೆಂಟ್’ ಅಂತ ಬೋರ್ಡ್ ಹಾಕಿದ್ರು (ಹೆಸರು ಬೇಡ ಬಿಡಿ). ದುಡ್ಡು ಕಟ್ಟಿ, ಕೋರ್ಸ್ ಮುಗಿಸಿದ ಮೇಲೆ ಗೊತ್ತಾಯ್ತು, ಅವರ ಲೆಕ್ಕದಲ್ಲಿ ಪ್ಲೇಸ್‌ಮೆಂಟ್ ಅಂದ್ರೆ ಇಂಟರ್‌ವ್ಯೂಗೆ ಕಳಿಸೋದು. ಅಷ್ಟೇ.

ನಮ್ಮ ದೊಡ್ಡಪ್ಪನ ಕಥೆ ಬೇರೆ. ಐಟಿಐ ಮಾಡಿ, ಪಕ್ಕದ ಹರಿಹರದ ಮೈಸೂರು ಕಿರ್ಲೋಸ್ಕರ್‌ಗೆ ಅಪ್ರೆಂಟಿಸ್ ಆಗಿ ಸೇರಿದವರು. 1941ರಲ್ಲಿ ಶುರುವಾದ, ಲೇತ್ ತಯಾರಿಸುತ್ತಿದ್ದ ಕಾರ್ಖಾನೆ ಅದು. ಕಲಿಯೋಕೆ ಅವರು ದುಡ್ಡು ಕಟ್ಟಲಿಲ್ಲ. ಕಲೀತಿದ್ದಾಗ ಅವರಿಗೇ ಸ್ಟೈಪೆಂಡ್ ಬರ್ತಿತ್ತು! ಹಳೇ ಕಾಲವೇ ಚೆಂದ ಅಂತ ಹೇಳ್ತಿಲ್ಲ. ಆ ಕಾರ್ಖಾನೆಯೂ ಮುಚ್ಚಿತು, ಕೈಯಲ್ಲಿ ಕಸುಬಿದ್ದವರೂ ಬೀದಿಗೆ ಬಂದರು. ಆದರೆ ಕಲಿಸೋದು ಕೆಲಸ ಕೊಡೋನ ಜವಾಬ್ದಾರಿ ಅನ್ನೋ ಮಾತು ಅಲ್ಲಿತ್ತು.

ಈಗ ‘ಫ್ರೆಶರ್ಸ್‌ಗೆ ಸ್ಕಿಲ್ ಇಲ್ಲ’ ಅಂತ ಕಂಪನಿಗಳ ದೂರು. ನಮ್ಮಲ್ಲಿ ಕಾಲೇಜಿಗೇನು ಬರ? ಯುಬಿಡಿಟಿ 1951ರಿಂದ ಇದೆ, ಬಿಐಇಟಿ 1979ರಿಂದ. ಸಿಲಬಸ್ ಹಳೇದು ಅನ್ನೋದು ಸರಿ, ಒಪ್ತೀನಿ. ಆದರೆ ಲೇತ್ ಮುಟ್ಟದೆ ಯಾರಾದ್ರೂ ಟರ್ನರ್ ಆಗಿದ್ದುಂಟಾ? ನಿಜವಾದ ಪ್ರಾಜೆಕ್ಟ್ ಮುಟ್ಟದೆ ಪ್ರೋಗ್ರಾಮರ್ ಆಗೋದೂ ಅಷ್ಟೇ.

ಕಾನೂನು ಇಲ್ವಾ? ಇದೆ. 1961ರ ಅಪ್ರೆಂಟಿಸ್ ಕಾಯ್ದೆ. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ, ಡಿಪ್ಲೊಮಾದವರಿಗೂ ಅನ್ವಯ. 30 ಅಥವಾ ಹೆಚ್ಚು ಜನ ಇರೋ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನ ತಗೊಳ್ಳಲೇಬೇಕು. ಸಾಫ್ಟ್‌ವೇರ್ ಕಂಪನಿಯೂ ಸೇರಿ. ಪದವೀಧರರ ಕನಿಷ್ಠ ಸ್ಟೈಪೆಂಡ್‌ನಲ್ಲಿ ಅರ್ಧ ಕೇಂದ್ರ ಸರ್ಕಾರವೇ ಕೊಡುತ್ತೆ, ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ರೆ. ನನಗೆ ಕಾಲೇಜಲ್ಲಿ ಇದನ್ನ ಯಾರೂ ಹೇಳಲಿಲ್ಲ. ನಿಮಗೆ ಹೇಳಿದ್ರಾ?

ಹಾಗಾಗಿ ಸಾಲ ಮಾಡಿ ಕೋರ್ಸ್‌ಗೆ ಸೇರೋ ಮುಂಚೆ ನ್ಯಾಟ್ಸ್ ನೋಡಿ. ಆಮೇಲೂ ಕೋರ್ಸೇ ಬೇಕು ಅನ್ಸಿದ್ರೆ, ಹೋದ ಬ್ಯಾಚಿನ ನಾಲ್ಕು ಜನರ ನಂಬರ್ ಕೇಳಿ, ನೀವೇ ಫೋನ್ ಮಾಡಿ. ನಂಬರ್ ಕೊಡದಿದ್ರೆ ಎದ್ದು ಬನ್ನಿ. ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗೂ ಕೇಳಿ: ಈ ವರ್ಷ ಎಷ್ಟು ಅಪ್ರೆಂಟಿಸ್ ಸೀಟು ತಂದ್ರಿ ಸಾರ್?

ದಾವಣಗೆರೆ-ಹರಿಹರದಲ್ಲೇ ಅಪ್ರೆಂಟಿಸ್ ಆಗಿ ಸೇರಿ ಕೆಲಸ ಹಿಡಿದವರು ಇದ್ರೆ ಕಾಮೆಂಟಲ್ಲಿ ಬರೀರಿ. ಮುಂದಿನ ಭಾಗ ನಿಮ್ಮದೇ.

#ದಾವಣಗೆರೆ #ಹರಿಹರ #ಅಪ್ರೆಂಟಿಸ್