ಬೇಸಿಗೆ ಶಿಬಿರಕ್ಕೆ ಮಗಳನ್ನೂ ಕಳಿಸೋಣ



ಕೊಳೆರೋಗ, ಬೋರ್ಡೋ ದ್ರಾವಣ, ಪೇಟೆಯ ಧಾರಣೆ ಇವುಗಳ ವಿಚಾರವನ್ನೇ ಈ ಪತ್ರಿಕೆಯಲ್ಲಿ ಓದಿ ರೂಢಿಯಾದವರಿಗೆ ಮೇಲಿನ ತಲೆಬರಹ ಸ್ವಲ್ಪ ವಿಚಿತ್ರವೆನಿಸೀತು. ಆದರೆ ತೋಟ ಮಾಡಿರುವುದೇ ಮಕ್ಕಳ ಸಲುವಾಗಿ ಎಂದು ದಿನಕ್ಕೆ ಹತ್ತು ಸಲ ಹೇಳುವವರು ನಾವು. ಆ ಮಕ್ಕಳ ಮಾತನ್ನು ವರ್ಷಕ್ಕೊಮ್ಮೆಯಾದರೂ ಇಲ್ಲಿ ಆಡದಿದ್ದರೆ ಹೇಗೆ? ಆದ್ದರಿಂದ ಧೈರ್ಯ ಮಾಡಿ ಬರೆದಿದ್ದೇನೆ.

ಏಪ್ರಿಲ್ ಎರಡನೆಯ ವಾರಕ್ಕೆ ಶಾಲೆಗೆ ಸೂಟಿ ಬೀಳುತ್ತದೆ. ಅದಕ್ಕೆ ಮೊದಲೇ ಮಕ್ಕಳ ಪಾಟೀಚೀಲದಲ್ಲಿ ಬಣ್ಣದ ಹಸ್ತಪತ್ರಿಕೆಗಳು ಮನೆಗೆ ಬರತೊಡಗುತ್ತವೆ. "ಏಳು ದಿನದ ಬೇಸಿಗೆ ಶಿಬಿರ, ಊಟ ವಸತಿ ಸಹಿತ" ಎಂದು ಅದರಲ್ಲಿ ಬರೆದಿರುತ್ತದೆ. ಪೇಟೆಯವರು ಹಣ ಕಟ್ಟಿ ಕಳಿಸುತ್ತಾರೆ. ನಾವು ಆ ಕಾಗದವನ್ನು ಮಡಚಿ ಮಾಡದಲ್ಲಿ ಇಡುತ್ತೇವೆ. ಇಂಥ ಶಿಬಿರ ನಮ್ಮಂಥ ಎರಡೆಕರೆ, ಮೂರೆಕರೆಯವರಿಗೆ ಬೇಕೇ ಎಂಬುದು ಇಲ್ಲಿಯ ಪ್ರಶ್ನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿಗೆ ಹತ್ತು ವರ್ಷ ದಾಟಿರಬೇಕು. ಹೋಗುತ್ತೇನೆಂದು ತಾನಾಗಿ ಹೇಳಬೇಕು. ಸ್ಥಳವನ್ನು ನಾವು ಕಣ್ಣಾರೆ ನೋಡಿ ಬಂದಿರಬೇಕು. ಈ ಮೂರೂ ಕೂಡಿಬಂದರೆ ಕಳಿಸಬೇಕು. ಮಗನನ್ನು ಕಳಿಸುವ ಮನೆ ಮಗಳನ್ನೂ ಕಳಿಸಬೇಕು.

"ನಮ್ಮ ಕಾಲಕ್ಕೆ ಯಾವ ಶಿಬಿರ ಇತ್ತು?" ಎಂದು ಹಿರಿಯರು ಕೇಳುತ್ತಾರೆ. ಇತ್ತು, ಅದರ ಹೆಸರು ಅಜ್ಜನ ಊರು. ಸೂಟಿ ಬಿದ್ದ ಮರುದಿನ ಟ್ರಂಕಿನಲ್ಲಿ ಎರಡು ಜೋಡಿ ಬಟ್ಟೆ ಹಾಕಿಕೊಂಡು ಬಸ್ಸು ಹತ್ತಿದರೆ ಮಿರಗ ಮಳೆಯ ಹೊತ್ತಿಗೆ ತಿರುಗಿ ಬರುತ್ತಿದ್ದೆವು. ಅಲ್ಲಿ ಹತ್ತು ಹನ್ನೆರಡು ಮಕ್ಕಳು ಒಂದೇ ಜಮಖಾನೆಯ ಮೇಲೆ ಮಲಗುತ್ತಿದ್ದರು. ಜಗಳ, ರಾಜಿ, ಈಜು, ಮಾವಿನಕಾಯಿ ಕದಿಯುವುದು ಎಲ್ಲ ಅಲ್ಲಿಯೇ ಆಗುತ್ತಿತ್ತು. ಇಂದು ಅಜ್ಜನ ಮನೆಗೆ ಹೋದರೆ ಅಜ್ಜ, ಅಜ್ಜಿ, ಒಂದು ಟಿ.ವಿ. ಇದ್ದಾರೆ. ಮಾಮಂದಿರು ಬೆಂಗಳೂರಿನಲ್ಲಿ, ಅವರ ಮಕ್ಕಳು ಟ್ಯೂಷನ್ನಿನಲ್ಲಿ. ನಮ್ಮ ಹುಡುಗರು ಅಲ್ಲಿಯೂ ಮೂಲೆಯಲ್ಲಿ ಮೊಬೈಲು ಹಿಡಿದು ಕೂಡ್ರುತ್ತಾರೆ. ಆ ಜಮಖಾನೆ ಹೋದ ಮೇಲೆ ಅದರ ಜಾಗಕ್ಕೆ ಏನಾದರೂ ಬರಲೇಬೇಕಲ್ಲ?

ಶಿಬಿರವೆಂಬುದು ಶ್ರೀಮಂತರ ಹೊಸ ಶೋಕಿಯೂ ಅಲ್ಲ. ಬೇಡನ್ ಪೊವೆಲ್ಲರು 1907ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದೊಯ್ದು ಒಂದು ವಾರ ಡೇರೆಗಳಲ್ಲಿ ಇರಿಸಿದರು. ಸಿರಿವಂತರ ಮಕ್ಕಳನ್ನೂ ಕೂಲಿಯವರ ಮಕ್ಕಳನ್ನೂ ಬೇಕೆಂದೇ ಒಂದೇ ಡೇರೆಗೆ ಹಾಕಿದ್ದರು. ಸ್ಕೌಟ್ ಚಳವಳಿ ಬೆಳೆದದ್ದು ಆ ಒಂದು ವಾರದಿಂದ. ನಮ್ಮ ಹತ್ತಿರದ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಸೇವಾದಳವನ್ನು ಕಟ್ಟಿದಾಗ ತರುಣರನ್ನು ಪಳಗಿಸಿದ್ದು ಶಿಬಿರಗಳಲ್ಲಿಯೇ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯವರು ಇಂದಿಗೂ ಕಾಲೇಜು ಹುಡುಗರನ್ನು ಏಳು ದಿನ ಹಳ್ಳಿಯಲ್ಲಿ ಇರಿಸುತ್ತಾರೆ. ಅವರಿಗೆ ನಮ್ಮಲ್ಲಿ ಹಲವರು ರೊಟ್ಟಿ ಬಡಿಸಿದ್ದೇವೆ.

ಅಡಿಕೆ ಬೆಳೆಗಾರರಿಗಂತೂ ಇದು ಹೊರಗಿನ ಮಾತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ಹಳ್ಳಿ. ಅಲ್ಲಿ 1949ರಲ್ಲಿ ನೀನಾಸಮ್ ಹುಟ್ಟಿತು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರೇ ಅಡಿಕೆ ಬೆಳೆಗಾರರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅಲ್ಲಿಯ ಸಂಸ್ಕೃತಿ ಶಿಬಿರಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಬಂದು, ದಿನಗಟ್ಟಲೆ ಜೊತೆಯಲ್ಲಿ ಉಂಡು, ವಾದಿಸಿ, ನಾಟಕ ನೋಡಿ ಹೋಗಿದ್ದಾರೆ. ಇನ್ನೊಂದು ಅಡಿಕೆ ಸೀಮೆಯಾದ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಮಕ್ಕಳಿಗಾಗಿ ಎಷ್ಟೊಂದು ಪ್ರಯೋಗ ಮಾಡಿದರು! ನಮ್ಮ ಮಗ್ಗುಲಿನ ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಸಣ್ಣ ಊರು ನಾಟಕದಿಂದ ಹೆಸರಾಗಿದೆ. ಹಳ್ಳಿಯವರಿಂದ ಇದು ಆಗದು ಎಂಬ ಮಾತಿಗೆ ಇಷ್ಟು ಉತ್ತರ ಸಾಕು.

ಈಗ ನನ್ನ ಮನೆಯ ಸಂಗತಿ. ಬರೆಯಲು ಸಂಕೋಚವಿದೆ, ಆದರೂ ಬರೆಯುತ್ತೇನೆ.

ಮೂರು ವರ್ಷದ ಕೆಳಗೆ ಮಗ ಏಳನೆಯ ಇಯತ್ತೆಯಲ್ಲಿದ್ದ. ಶಿಬಿರಕ್ಕೆ ಹೋಗುತ್ತೇನೆಂದ, ಹಣ ಕಟ್ಟಿದೆ. ಸ್ಥಳ ನೋಡಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಗಂಡು ಹುಡುಗ, ಇದ್ದು ಬರುತ್ತಾನೆ ಎಂದುಕೊಂಡೆ. ಅಲ್ಲಿ ಅರವತ್ತು ಮಕ್ಕಳಿಗೆ ಎರಡು ಪಾಯಖಾನೆ. ಮೂರನೆಯ ದಿನ ಹುಡುಗನಿಗೆ ಜ್ವರ ಬಂದಿದೆ. ಗುಳಿಗೆ ಕೊಟ್ಟು ಮಲಗಿಸಿದ್ದಾರೆ, ಮನೆಗೆ ತಿಳಿಸಿಲ್ಲ. ನಮಗೆ ಗೊತ್ತಾದದ್ದು ಅವನು ಬಂದ ಮೇಲೆ. ಆ ಶಿಬಿರದ ಹೆಸರು ಇಲ್ಲಿ ಬೇಡ. ಕೇಳದೆ ಕಳಿಸಿದ ತಪ್ಪು ನನ್ನದೂ ಹೌದು.

ಹೋದ ವರ್ಷ ಮಗಳಿಗೆ ಹನ್ನೊಂದು ತುಂಬಿತ್ತು. "ಅಪ್ಪಾ, ಅಣ್ಣನ್ನ ಕಳಿಸಿದ್ದಿ, ನನ್ನ ಯಾಕ ಕಳಸವಲ್ಲಿ?" ಎಂದಳು. ನಾನು ಉತ್ತರ ಹುಡುಕುವುದರೊಳಗೆ ನನ್ನ ಅವ್ವ, "ಹೆಣ್ಣ ಹುಡುಗಿನ್ನ ಎಂಟ ದಿನ ಯಾರ ಹಂತ್ಯಾಕ ಬಿಡತಿ? ಏನರ ಆದ್ರ ನಾಳೆ ಮಂದಿ ನಮ್ಮನ್ನ ಕೇಳತಾರ" ಎಂದಳು. ಅದನ್ನೇ ನಾನು ಬೇರೆ ಮಾತಿನಲ್ಲಿ ಹೇಳಿದೆ: "ಶಿಬಿರ ಚೊಲೋ ಇರಂಗಿಲ್ಲವ್ವಾ, ನಿಮ್ಮಣ್ಣಗ ಜ್ವರಾ ಬಂದಿದ್ದವಲ್ಲ." ಅದಕ್ಕೆ ಆಕೆ, "ಹಂಗಾದ್ರ ಚೊಲೋ ಇದ್ದದ್ದು ಹುಡುಕು" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೋಗಿ ಒಂದು ಶಿಬಿರದ ಜಾಗ ನೋಡಿದೆ. ಅಡಿಗೆಮನೆ, ನೀರು, ಹುಡುಗಿಯರು ಮಲಗುವ ಕೋಣೆ, ಅದರ ಬಾಗಿಲ ಅಗುಳಿ ಎಲ್ಲವನ್ನೂ ಆಕೆ ನೋಡಿದಳು. ರಾತ್ರಿ ಹುಡುಗಿಯರ ಜೊತೆ ಇರುವ ಇಬ್ಬರು ಶಿಕ್ಷಕಿಯರನ್ನು ಮಾತಾಡಿಸಿದಳು. ಆಮೇಲೆ ಹಣ ಕಟ್ಟಿದೆವು.

ಮೂರನೆಯ ರಾತ್ರಿ ಒಂಬತ್ತಕ್ಕೆ ಫೋನು ಬಂತು. "ಅಪ್ಪಾ, ನನ್ನ ಕರಕೊಂಡ ಹೋಗು." ತ್ರೀಫೇಸ್ ಕರೆಂಟು ಬರುವ ಹೊತ್ತು, ಬೋರು ಚಾಲೂ ಮಾಡಲು ಹೊರಟಿದ್ದವನು ಬೈಕಿನ ಕೀಲಿ ಕೈಗೆತ್ತಿಕೊಂಡೆ. ಬಾಗಿಲಲ್ಲಿ ಅಡ್ಡ ನಿಂತವಳು, ಕಳಿಸಬೇಡ ಎಂದಿದ್ದ ನನ್ನ ಅವ್ವನೇ. "ಈಗ ಹ್ವಾದಿ ಅಂದ್ರ ಆಕಿ ಇನ್ನ ಎಲ್ಲಿಗೂ ಹೋಗಂಗಿಲ್ಲ. ನಾ ಲಗ್ನಾಗಿ ಈ ಮನಿಗೆ ಬಂದಾಗ ಎಂಟ ದಿವಸ ಅತ್ತೇನಿ. ನನ್ನ ಕರಕೊಂಡ ಹೋಗಾಕ ಯಾರೂ ಬರಲಿಲ್ಲ. ಆಕಿಗೆ ನೀ ಅದೀಯಲ್ಲ. ಮುಂಜಾನೆ ಕೇಳು, ಆಗೂ ಬಾ ಅಂದ್ರ ಹೋಗು."

ಆ ರಾತ್ರಿ ನಾನು ಬಹಳ ಹೊತ್ತು ಮಲಗಲಿಲ್ಲ. ನಮ್ಮ ಎಷ್ಟೋ ಹೆಣ್ಣುಮಕ್ಕಳು ಬಂಧುಬಳಗದ ಹೊರಗೆ ಮೊದಲ ಸಲ ರಾತ್ರಿ ಕಳೆಯುವುದು ಗಂಡನ ಮನೆಯಲ್ಲಿ. ಅಲ್ಲಿ ಒಗ್ಗದಿದ್ದರೆ ಮರಳಿ ಬರುವ ದಾರಿ ಕಷ್ಟದ್ದು. ಅದಕ್ಕಿಂತ ಮುಂಚೆ ಒಂದು ವಾರ, ಅಪ್ಪ ಅವ್ವ ಫೋನಿಗೆ ಸಿಗುವಷ್ಟು ಹತ್ತಿರದಲ್ಲಿ, ಅತ್ತು ಸುಧಾರಿಸಿಕೊಳ್ಳುವುದನ್ನು ಕಲಿತರೆ ಅದು ಆಕೆಗೆ ನಾವು ಕೊಡುವ ಆಸ್ತಿಯಲ್ಲವೇ?

ಮುಂಜಾನೆ ನಾನೇ ಫೋನು ಮಾಡಿದೆ. "ನಾಟಕದಾಗ ನನಗ ಮುದುಕಿ ಪಾರ್ಟು ಕೊಟ್ಟಾರ, ಈಗ ಬರಬ್ಯಾಡ" ಎಂದಳು.

ಏಳನೆಯ ದಿನ ಕರೆತಂದೆವು. ಪವಾಡವೇನೂ ಆಗಿಲ್ಲ. ಗಣಿತದ ಅಂಕ ಇದ್ದಷ್ಟೇ ಇವೆ, ಅಣ್ಣನೊಡನೆ ಜಗಳವೂ ನಿಂತಿಲ್ಲ. ಆದರೆ ಒಂದು ಸಂಗತಿ ಹೇಳಬೇಕು. ಪಕ್ಕದಲ್ಲಿ ಮಲಗುತ್ತಿದ್ದ ಪೇಟೆಯ ಹುಡುಗಿ ಅಡಿಕೆ ಮರವನ್ನೇ ನೋಡಿದವಳಲ್ಲವಂತೆ. ಆಕೆಗೆ ಹಿಂಗಾರದಿಂದ ಹಿಡಿದು ಬೇಯಿಸಿ ಒಣಗಿಸುವವರೆಗೆ ಹೇಳಲು ಹೋಗಿ ನಮ್ಮ ಮಗಳು ನಡುವೆ ತಡವರಿಸಿದ್ದಾಳೆ. ಮನೆಗೆ ಬಂದು ಬಟ್ಟೆ ಬದಲಿಸುವ ಮೊದಲೇ, ಹಿಂಗಾರ ಒಣಗುವುದೇಕೆ, ಒಂದು ಮರ ಎಷ್ಟು ವರ್ಷ ಫಲ ಕೊಡುತ್ತದೆ ಎಂದು ನನ್ನನ್ನು ಕೇಳಿದಳು. ತೋಟದ ಬಗ್ಗೆ ಆಕೆ ನನ್ನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು. ಹೊರಗೆ ಕಳಿಸಿದರೆ ಮಕ್ಕಳು ತೋಟ ಮರೆತಾರು ಎಂದು ಹೆದರುವವರು ಇದನ್ನು ಯೋಚಿಸಬೇಕು.

ಸಸಿ ಬೆಳೆಸುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಫಿ ನರ್ಸರಿಯ ಚಪ್ಪರವನ್ನು ನಾವು ಒಮ್ಮೆಲೇ ಕಿತ್ತೊಗೆಯುವುದಿಲ್ಲ, ಶಾಶ್ವತವಾಗಿ ಇಡುವುದೂ ಇಲ್ಲ. ಸ್ವಲ್ಪಸ್ವಲ್ಪವೇ ತೆಳುಮಾಡಿ ಮಳೆ ಹಿಡಿದ ಮೇಲೆ ತೆಗೆಯುತ್ತೇವೆ. ಅಡಿಕೆ ಸಸಿಯನ್ನೂ ಒಂದು ಒಂದೂವರೆ ವರ್ಷ ನೆರಳಿನಲ್ಲಿ ಸಾಕಿ ಆಮೇಲೆ ಗುಂಡಿಗೆ ಇಡುತ್ತೇವೆ. ಮಕ್ಕಳ ವಿಷಯದಲ್ಲಿ ಮಾತ್ರ ಹದಿನೆಂಟು ವರ್ಷ ಚಪ್ಪರದಡಿ ಇಟ್ಟು ಒಂದು ದಿನ ಬೆಂಗಳೂರಿನ ಬಿಸಿಲಿಗೆ ದೂಡುತ್ತೇವೆ.

ಕಳಿಸುವ ಮುನ್ನ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ? ಹುಡುಗಿಯರ ಜೊತೆ ಹೆಂಗಸರು ಇದ್ದಾರೆಯೇ? ಎಷ್ಟು ಮಕ್ಕಳಿಗೆ ಎಷ್ಟು ಪಾಯಖಾನೆ? ಕೆರೆ ಹೊಳೆಗೆ ಒಯ್ಯುವುದಾದರೆ ಈಜು ಬಲ್ಲ ದೊಡ್ಡವರು ಎಷ್ಟು ಜನ? ಜ್ವರ ಬಂದರೆ ಯಾವ ದವಾಖಾನೆ, ಮನೆಗೆ ಯಾವಾಗ ಫೋನು? ಮನೆಯವರು ಯಾವಾಗ ಬೇಕಾದರೂ ಬಂದು ನೋಡಬಹುದೇ? ಬರಬೇಡಿ ಎನ್ನುವ ಶಿಬಿರಕ್ಕೆ ಮಗುವನ್ನು ಬಿಡಬೇಡಿ. ಮಕ್ಕಳ ರಕ್ಷಣೆಗೆ 2012ರಲ್ಲಿ ಪೋಕ್ಸೊ ಕಾಯ್ದೆ ಬಂದಿದೆ, 1098 ಎಂಬ ಸಹಾಯವಾಣಿ ಇದೆ. ಆ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಯಾರಾದರೂ ಮೈಮುಟ್ಟಿ ಕಾಡಿದರೆ ಹೆದರದೆ ಹೇಳು, ನಿನ್ನನ್ನು ಬೈಯುವುದಿಲ್ಲ ಎಂದು ಕೂಡ್ರಿಸಿ ತಿಳಿಸಿ. ಈ ಮಾತು ಗಂಡು ಹುಡುಗರಿಗೂ ಬೇಕು.

ಇನ್ನು ಖರ್ಚು. ಬೋರು ಬತ್ತಿದ ವರ್ಷ ಶಿಬಿರದ ಫೀ ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಮಾತು. ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿಯೂ ಬೇಸಿಗೆ ಶಿಬಿರಗಳು ನಡೆದಿವೆ. ಅವು ಹಗಲಿನವು, ಆದರೂ ಚಿಕ್ಕ ಮಕ್ಕಳಿಗೆ ಮೊದಲ ಮೆಟ್ಟಿಲಾಗಿ ಒಳ್ಳೆಯವು. ಆದರೆ ನನ್ನ ಮುಖ್ಯ ಸೂಚನೆ ಬೇರೆ: ಈ ಕೆಲಸವನ್ನು ನಮ್ಮ ಸಂಘವೇ ಮಾಡಬಾರದೇಕೆ?

ಸೂಟಿಯಲ್ಲಿ ಶಾಲೆಯ ಕಟ್ಟಡಗಳು ಖಾಲಿ ಇರುತ್ತವೆ. ಮೊದಲ ಬೋರ್ಡೋ ಸಿಂಪಡಣೆಯ ಗಡಿಬಿಡಿಗೆ ಮುನ್ನ, ಏಪ್ರಿಲ್ ಕೊನೆಯ ವಾರ, ಸದಸ್ಯರ ಮೂವತ್ತು ಮಕ್ಕಳನ್ನು ಏಳು ದಿನ ಕೂಡಿಸೋಣ. ಒಂದು ವರ್ಷ ಕಾಫಿ ಸೀಮೆಯ ಮಕ್ಕಳು ನಮ್ಮಲ್ಲಿಗೆ ಬರಲಿ. ಕನಕದಾಸರ ಬಾಡ, ಶರೀಫರ ಶಿಶುನಾಳ, ಬಂಕಾಪುರದ ಕೋಟೆಯ ನವಿಲುಗಳು, ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ, ಎಲ್ಲವೂ ಈ ಒಂದು ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ ಇವೆ. ಮರುವರ್ಷ ನಮ್ಮ ಮಕ್ಕಳು ಚಿಕ್ಕಮಗಳೂರಿಗೆ ಹೋಗಿ ಕಾಫಿ ಗಿಡದ ನೆರಳಿನಲ್ಲಿ ನಡೆಯಲಿ, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವನ್ನು ನೋಡಲಿ. ಅಕ್ಕಿ, ಬೆಲ್ಲ, ಕಾಯಿಯನ್ನು ಸದಸ್ಯರು ಕೊಟ್ಟರೆ ಹಣದ ಖರ್ಚು ಬಹಳ ಇಳಿಯುತ್ತದೆ. ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಎಂದು ಮೊದಲೇ ಗೊತ್ತುಮಾಡಬೇಕು.

ಭಾರತದ ಮೊದಮೊದಲ ಸಹಕಾರಿ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ. ಒಬ್ಬನಿಂದಾಗದ್ದನ್ನು ಹತ್ತು ಜನ ಕೂಡಿ ಮಾಡುವುದೇ ಸಹಕಾರ. ಗೊಬ್ಬರಕ್ಕೆ, ಸಾಲಕ್ಕೆ, ಮಾರಾಟಕ್ಕೆ ಕೂಡಿದವರು ಮಕ್ಕಳಿಗಾಗಿಯೂ ಕೂಡಬಹುದು. ಬರುವ ಸರ್ವಸಾಧಾರಣ ಸಭೆಯಲ್ಲಿ ಈ ವಿಷಯವನ್ನು ಇಡಲು ಆಡಳಿತ ಮಂಡಳಿಯವರಲ್ಲಿ ಅರಿಕೆ ಮಾಡುತ್ತೇನೆ. ಒಪ್ಪದ ಸದಸ್ಯರು ಈ ಪತ್ರಿಕೆಗೇ ಬರೆದು ತಿಳಿಸಲಿ. ನನ್ನ ಅವ್ವ ಸಹಿತ ಓದಿಸಿ ಕೇಳುತ್ತಾಳೆ.

— ದುಂಡಸಿಯ ಒಬ್ಬ ಸದಸ್ಯ