ಅತ್ತಿಮಬ್ಬೆ ಬಂದರೆ ದೀಪ ಹಚ್ಚಬಹುದೇ?

ಕಳೆದ ನವೆಂಬರಿನಲ್ಲಿ ಕೆನಡಾದ ಒಂದು ಶಾಲೆಯ ಸಭಾಂಗಣದಲ್ಲಿ ನಮ್ಮೂರ ಕನ್ನಡಿಗರು ರಾಜ್ಯೋತ್ಸವ ಮಾಡಿದರು. ಅಂದಿನ ನಾಟಕ ಅತ್ತಿಮಬ್ಬೆಯದು. ಸಂಭಾಷಣೆ ಬರೆದವಳು ನಾನು. ನಾಟಕಕ್ಕೆ ಮೊದಲು, ದೀಪ ಬೆಳಗಲು ಐವರು ಮುತ್ತೈದೆಯರು ಬರಬೇಕೆಂದು ಮೈಕಿನಲ್ಲಿ ಕರೆದರು. ನನ್ನ ಗಂಡ ತೀರಿಕೊಂಡು ಮೂರು ವರ್ಷ. ಕೂತಲ್ಲೇ ಕೂತೆ. "ಬೇಜಾರು ಮಾಡ್ಕೋಬೇಡಿ, ಸಂಪ್ರದಾಯ ಅಲ್ವಾ" ಎಂದರು ಪಕ್ಕದವರು.

ಯಾವ ಸಂಪ್ರದಾಯ? ಅಂದು ವೇದಿಕೆಗೆ ಬಂದ ಮನೆತನವನ್ನೇ ನೋಡೋಣ. ನಾಗದೇವ ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ದಂಡನಾಯಕ, ಮಂತ್ರಿ ಧಲ್ಲಪನ ಮಗ. ಮಲ್ಲಪಯ್ಯನ ಹೆಣ್ಣುಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ಅವನ ಹೆಂಡಿರು. ಅವನು ಸತ್ತಾಗ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅಕ್ಕ ಉಳಿದಳು, ಮಗ ಅಣ್ಣಿಗದೇವನಿಗಾಗಿ ಬದುಕಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಅವಳೇ. ರನ್ನ 993ರಲ್ಲಿ ಅವಳ ಆಶ್ರಯದಲ್ಲಿ ಅಜಿತಪುರಾಣ ಬರೆದ. ತಂಗಿಯ ಸಹಗಮನದ ಮಾತೂ ಅದರಲ್ಲೇ ಇದೆ. 1007ರ ಹೊತ್ತಿಗೆ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಎದ್ದಿತ್ತು. ಇಂದಿಗೂ ನಿಂತಿದೆ.

ಅಂದರೆ, ನಾವು ಹಾಡಿ ಹೊಗಳುವ ದಾನಚಿಂತಾಮಣಿ ಒಬ್ಬ ವಿಧವೆ.

ಅವಳು ಸಿರಿವಂತೆ, ಜೈನಳು, ಎಲ್ಲರಿಗೂ ಅದು ಸಾಧ್ಯವಿರಲಿಲ್ಲ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಆದರೆ ಗುಂಡಮಬ್ಬೆಗೂ ಅದೇ ಸಿರಿ, ಅದೇ ಧರ್ಮ, ಅದೇ ಗಂಡ. ಒಂದೇ ಮನೆಯಲ್ಲಿ ಎರಡು ದಾರಿಗಳಿದ್ದವು. ಸಾವಿರ ವರ್ಷದ ಮೇಲೆ, ಚಿತೆ ಎಂದೋ ಆರಿದ ಮೇಲೂ, ನಾವು ಅಕ್ಕನ ಹೆಸರು ಹೇಳುತ್ತಾ ತಂಗಿಯನ್ನು ಸುಟ್ಟ ನಂಬಿಕೆಯನ್ನೇ ಪಾಲಿಸುತ್ತಿದ್ದೇವೆ: ಗಂಡನಿಲ್ಲದವಳು ಅರ್ಧ ಸತ್ತವಳು, ಶುಭಕ್ಕೆ ಆಗದವಳು.

ಊರಲ್ಲಿರುವ ಓದುಗರೇ, ಪರದೇಶದವರ ಹಳೇ ಚಾಳಿ ಎಂದು ನಗಬೇಡಿ. ಉಪ್ಪಿನಕಾಯಿಯ ಜೊತೆ ಇದನ್ನೂ ನಿಮ್ಮ ಮನೆಗಳಿಂದಲೇ ಕಟ್ಟಿಕೊಂಡು ಬಂದೆವು. ಅತ್ತಿಮಬ್ಬೆಯ ಹೆಸರಿನಲ್ಲಿ ಸರ್ಕಾರ ಮಹಿಳೆಯರಿಗೆ ಪ್ರಶಸ್ತಿ ಕೊಡುತ್ತದೆ. ನಿಮ್ಮ ಮನೆಯ ಗೃಹಪ್ರವೇಶದಲ್ಲಿ, ಗಂಡ ಸತ್ತ ಅತ್ತಿಗೆಗೆ ಅರಿಶಿನ ಕುಂಕುಮ ಕೊಡುತ್ತೀರಾ?

ಈ ವರ್ಷವೂ ನಾಟಕ ಬರೆದುಕೊಡಿ ಎಂದು ಕೇಳಿದ್ದಾರೆ. ಬರೆಯುತ್ತೇನೆ. ಅದಕ್ಕೆ ಮೊದಲು ಕಾರ್ಯಕ್ರಮದ ಪಟ್ಟಿಯಿಂದ 'ಮುತ್ತೈದೆಯರು' ಎಂಬ ಒಂದು ಪದ ತೆಗೆಯಿರಿ ಎಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.