ಇಳುವರಿ ಗುಟ್ಟು, ಹೆಬ್ಬೆಟ್ಟು ಬಯಲು!

ನಮ್ಮ ಚಳ್ಳಕೆರೆ ಸೀಮೆಯ ರೈತನಿಗೆ ಗುಟ್ಟು ಕಾಯೋದು ಹೊಸದೇನಲ್ಲ. ಶೇಂಗಾ ಎಷ್ಟು ಚೀಲ ಆಯ್ತು ಅಂತ ಕೇಳಿದರೆ "ಏನೋ, ಬೀಜದ ಖರ್ಚು ಬಂತು" ಅಂತ ಜಾರಿಕೊಳ್ಳುತ್ತಾನೆ. ದೃಷ್ಟಿ ಆದೀತು, ಇಲ್ಲಾ ಕೈಗಡ ಕೇಳೋರು ಬಂದಾರು ಅನ್ನೋ ಭಯ. ಅದೇ ರೈತ ಆಧಾರ್ ಜೆರಾಕ್ಸು, ಪಾಸ್‌ಬುಕ್ಕಿನ ಮೊದಲ ಪುಟ, ಎರಡು ಫೋಟೋ ಕವರಿಗೆ ಹಾಕಿ, "ಸಬ್ಸಿಡಿ ಮಾಡಿಸಿ ಕೊಡ್ತೀನಿ" ಅಂದವನ ಕೈಗಿಟ್ಟು, ಅವನ ಊರು ಯಾವುದು ಅಂತಲೂ ಕೇಳದೆ ಬಸ್ಸು ಹತ್ತುತ್ತಾನೆ!

ಮುಚ್ಚಿಡೋದನ್ನೂ ಬಿಚ್ಚಿಡೋದನ್ನೂ ನಾವು ಅದಲುಬದಲು ಮಾಡಿಕೊಂಡಿದ್ದೇವೆ ಅಂತ ನನಗನ್ನಿಸುತ್ತದೆ. ಇಳುವರಿ, ಬೀಜದ ತಳಿ, ಮಾರಿದ ದರ, ಬೋರು ಎಷ್ಟು ಅಡಿಗೆ ಫೇಲಾಯ್ತು - ಇವನ್ನು ಹೇಳಿದರೆ ಯಾರ ಗಂಟೂ ಹೋಗೋದಿಲ್ಲ. ಮಂಡಿಯವನು ಒಬ್ಬೊಬ್ಬರಿಗೆ ಒಂದೊಂದು ದರ ಹೇಳಿ ದಕ್ಕಿಸಿಕೊಳ್ಳೋದು ನಾವು ಬಾಯಿ ಬಿಡದ ಕಾರಣಕ್ಕೇ. ಪಹಣಿಯನ್ನಂತೂ ಬಚ್ಚಿಟ್ಟು ಫಲವಿಲ್ಲ. ಸರ್ವೆ ನಂಬರು ಗೊತ್ತಿದ್ದವರು ಯಾರು ಬೇಕಾದರೂ ನೋಡಬಹುದು. ಬ್ಯಾಂಕಿನ ಸಾಲವೂ 11ನೇ ಕಾಲಮ್ಮಿನಲ್ಲಿ ಕಾಣುತ್ತದೆ.

ಹೆಬ್ಬೆಟ್ಟಿನ ಮಾತು ಬೇರೆ. ಊರಿಗೆ ಬರುವ ಬ್ಯಾಂಕ್ ಯಂತ್ರದಲ್ಲಿ ದುಡ್ಡು ತೆಗೆಯಲು ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು ಇಷ್ಟೇ ಸಾಕು. ಒಟಿಪಿ ಬೇಡ. "ಸರಿಯಾಗಿ ಹಿಡೀಲಿಲ್ಲ, ಇನ್ನೊಂದ್ಸಲ ಒತ್ತಜ್ಜಿ" ಅಂತ ಎರಡು ಸಲ ಒತ್ತಿಸಿಕೊಂಡು ಒಂದೇ ಸಲದ ದುಡ್ಡು ಕೈಗಿಟ್ಟದ್ದನ್ನು ನಮ್ಮ ಊರಲ್ಲೇ ನೋಡಿದ್ದೇನೆ. ಹೋದದ್ದು ಆ ಅಜ್ಜಿಯ ಒಂದು ತಿಂಗಳ ಪಿಂಚಣಿ. 2023ರಲ್ಲಿ ಬೆಂಗಳೂರಿನಲ್ಲಿ ಕ್ರಯಪತ್ರ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೇ ಬೆರಳಚ್ಚಿನ ಮೇಲೆ ಹಣ ಹೋಗಿ, ಪೊಲೀಸ್ ಕೇಸುಗಳಾದವು. ಎಟಿಎಂ ಪಿನ್ನು ಕದ್ದರೆ ಬದಲಾಯಿಸಬಹುದು. ಬೆರಳು ಬದಲಾಯಿಸೋಕಾಗುತ್ತಾ?

ಬೆರಳಿಗೂ ಬೀಗ ಹಾಕಬಹುದು. ಆಧಾರ್‌ನವರ ಆ್ಯಪಿನಲ್ಲಿ 'ಬಯೋಮೆಟ್ರಿಕ್ ಲಾಕ್' ಇದೆ, ಕಾಸು ಖರ್ಚಿಲ್ಲ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ಆದರೆ ರೇಷನ್ನಿಗೂ ಹೆಬ್ಬೆಟ್ಟು, ಒಂದು ಚೀಲ ಡಿಎಪಿಗೂ ಹೆಬ್ಬೆಟ್ಟು. ಆಗೆಲ್ಲ ಬೀಗ ತೆಗೆಸಿಕೊಂಡು ಹೋಗಬೇಕು. ಅದೊಂದು ರೇಜಿಗೆ, ಸುಳ್ಳು ಹೇಳೋದಿಲ್ಲ. ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಆಧಾರ್ ಪ್ರತಿಯೂ ಸಿಗುತ್ತದೆ. ನಾನಂತೂ ಯಾರಿಗೇ ಜೆರಾಕ್ಸು ಕೊಟ್ಟರೂ ಅದರ ಮೇಲೆ ಅಡ್ಡಲಾಗಿ ತಾರೀಖು, 'ಬೆಳೆವಿಮೆಗೆ ಮಾತ್ರ' ಅಂತ ಬರೆದು ಸಹಿ ಹಾಕಿಯೇ ಕೊಡೋದು. ಒಬ್ಬ ಗುಮಾಸ್ತರು ಮುಖ ಸಿಂಡರಿಸಿದರು, ಆದರೆ ಅರ್ಜಿ ತಗೊಂಡರು.

ಇಷ್ಟೆಲ್ಲ ಕಾವಲು ರೈತನೊಬ್ಬನ ತಲೆಗೇ ಯಾಕೆ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಹೀಗಿದ್ದೂ ಹೋದ ವರ್ಷ ಕೊಟ್ಟ ಕಾಗದವನ್ನೇ ಕಚೇರಿಗಳು ಈ ವರ್ಷವೂ ಕೇಳುತ್ತವೆ. ಹಳೆಯದು ಎಲ್ಲಿ ಹೋಯ್ತು? ಜೆರಾಕ್ಸ್ ಅಂಗಡಿ ಪಕ್ಕ ಬೋಂಡಾ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ಖಾತೆ ನಂಬರು ಕಂಡಿದ್ದೇನೆ.

ದುಡ್ಡು ಹೋಗಿದ್ದು ತಿಳಿದ ತಕ್ಷಣ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ಬರೆದುಕೊಡಿ. ಸಂತೆ ಮುಗಿಸಿಕೊಂಡು ಹೋದರಾಯ್ತು ಅನ್ನಬೇಡಿ.